ತಾಮ್ರದ ಪೈಪಿಗೆ ಯಾವ ಬೆಂಡರ್? ಅಂಗಡಿಗೆ ಹೋಗುವ ಮೊದಲು ಪೈಪು ಅಳೆಯಿರಿ

ಬೇಸಿಗೆ ಶುರುವಾದರೆ ಈ ಪ್ರಶ್ನೆಯೂ ಶುರು. "ಸರ, ತಾಮ್ರದ ಪೈಪು ಬಗ್ಗಿಸಬೇಕು, ಯಾವ ಬೆಂಡರ್ ತಗೊಳ್ಳಲಿ?" ಬಳ್ಳಾರಿಯವರು ಕೇಳುತ್ತಾರೆ, ರಾಯಚೂರಿನವರು ಕೇಳುತ್ತಾರೆ, ಗಂಗಾವತಿಯವರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಪೈಪಿನ ಅಳತೆ ಎಷ್ಟು?" "ಅರ್ಧ ಇಂಚು ಇರಬಹುದು" ಅನ್ನುತ್ತಾರೆ. ಆ 'ಇರಬಹುದು' ಇದೆಯಲ್ಲ, ದುಡ್ಡು ಹಾಳಾಗುವುದು ಅಲ್ಲೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮ ಕಡೆ ಮನೆಗಳಲ್ಲಿ ನೀರಿನ ಲೈನು ಹೆಚ್ಚಾಗಿ ಸಿ.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಪೈಪಿನದು, ಇಲ್ಲವೇ ಜಿ.ಐ. ಎಂಬ ಸತುವಿನ ಲೇಪದ ಕಬ್ಬಿಣದ ಪೈಪಿನದು. ತಾಮ್ರ ಬರುವುದು ಕೆಲವೇ ಜಾಗದಲ್ಲಿ: ಸ್ಪ್ಲಿಟ್ ಎ.ಸಿ.ಯ ಒಳಗಿನ ಯೂನಿಟ್‌ನಿಂದ ಮಾಳಿಗೆಯ ಮೇಲಿನ ಯೂನಿಟ್‌ವರೆಗೆ, ಗೀಸರ್ ಅಥವಾ ಸೋಲಾರ್ ಹೀಟರಿನ ಬಿಸಿನೀರಿಗೆ, ಅಡುಗೆಮನೆಯ ಗ್ಯಾಸ್ ಲೈನಿಗೆ. ಇದರಲ್ಲಿ ಮೊದಲೆರಡರ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಗ್ಯಾಸ್ ಲೈನನ್ನು ಮಾತ್ರ ನೀವು ಮುಟ್ಟಲೇಬೇಡಿ. ಅದು ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕೆಲಸ. ಎ.ಸಿ.ಯಲ್ಲೂ ಪೈಪು ಬಗ್ಗಿಸಿ ಕೂರಿಸುವವರೆಗೆ ನಿಮ್ಮದು. ಒಳಗಿನ ಗಾಳಿ ಎಳೆದು ತೆಗೆಯುವುದು, ಗ್ಯಾಸ್ ಬಿಡುವುದು, ಲೀಕ್ ನೋಡುವುದು ಮೆಕ್ಯಾನಿಕ್‌ದು. ಈಗ ಬರುವ ಹೊಸ ಎ.ಸಿ.ಗಳಲ್ಲಿ ತುಂಬಾ ಇರುವ ಆರ್-32 ಗ್ಯಾಸ್ ಬೆಂಕಿ ಹಿಡಿಯುವ ಗುಣದ್ದು. ಅದರ ಜೊತೆ ಆಟ ಬೇಡ.

ಮೊದಲೇ ಒಂದೆರಡು ಪದ ಹೇಳಿಬಿಡುತ್ತೇನೆ. ಪೈಪು ಬಗ್ಗುವಾಗ ಒಳಮಗ್ಗುಲು ಕುಸಿದು ಮಡಿಕೆ ಬೀಳುತ್ತದಲ್ಲ, ಅದು ನೆಗ್ಗು. ಮೆಕ್ಯಾನಿಕ್‌ಗಳು ಕಿಂಕ್ ಅನ್ನುತ್ತಾರೆ. ಬಾಗಿದ ಜಾಗದ ದುಂಡಳತೆಗೆ ರೇಡಿಯಸ್ ಅಂತ ಹೆಸರು. ರೇಡಿಯಸ್ ಚಿಕ್ಕದಾದಷ್ಟೂ ಮೂಲೆ ಬಿಗಿ. ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅರಳಿಸುವುದು ಫ್ಲೇರಿಂಗ್.

ಹಂತ 1: ಹೊರಮೈ ಅಳೆಯಿರಿ

ಬೆಂಡರಿನಲ್ಲಿ ಪೈಪು ಕೂರುವ ಅರ್ಧಚಂದ್ರದಂಥ ಕಾಲುವೆ ಇರುತ್ತದೆ. ಅದನ್ನು ಗ್ರೂವ್ ಅನ್ನುತ್ತಾರೆ. ಪೈಪಿನ ಹೊರಮೈ ಆ ಗ್ರೂವಿನಲ್ಲಿ ಒಂದಿಷ್ಟೂ ಸಡಿಲವಿಲ್ಲದೆ ಕೂರಬೇಕು. ಬಗ್ಗುವಾಗ ಪೈಪಿಗೆ ಅಕ್ಕಪಕ್ಕ ಹರಡಲು ಜಾಗ ಸಿಕ್ಕರೆ ಚಪ್ಪಟೆಯಾಗುತ್ತದೆ. ಜಾಗ ಸಿಗದಿದ್ದರೆ ದುಂಡಗೇ ಉಳಿಯುತ್ತದೆ. ಬೆಂಡರ್ ಮಾಡುವ ಕೆಲಸ ಇಷ್ಟೇ. ಹಾಗಾಗಿ ಅಳತೆ ತಪ್ಪಿದ ದುಬಾರಿ ಬೆಂಡರಿಗಿಂತ ಅಳತೆ ಸರಿಯಿರುವ, ಪೈಪಿಗೆ ತೊಡಿಸಿ ಬಗ್ಗಿಸುವ ಅಗ್ಗದ ಸ್ಪ್ರಿಂಗ್ ಎಷ್ಟೋ ಮೇಲು.

ಇಲ್ಲಿ ಒಂದು ಗೊಂದಲ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಓದಿ. 'ಅರ್ಧ ಇಂಚು' ಅನ್ನುವುದಕ್ಕೆ ಪ್ಲಂಬರ್ ಬಾಯಲ್ಲಿ ಒಂದು ಅರ್ಥ, ಎ.ಸಿ. ಮೆಕ್ಯಾನಿಕ್ ಬಾಯಲ್ಲಿ ಇನ್ನೊಂದು. ಅರ್ಧ ಇಂಚಿನ ಜಿ.ಐ. ಪೈಪಿನ ಹೊರಮೈ ಅಡ್ಡಳತೆ 21.3 ಮಿ.ಮೀ. ಇರುತ್ತದೆ. ಅರ್ಧ ಇಂಚಿನ ಎ.ಸಿ. ತಾಮ್ರದ ಹೊರಮೈ ನಿಜಕ್ಕೂ ಅರ್ಧ ಇಂಚೇ, ಅಂದರೆ 12.7 ಮಿ.ಮೀ. ಇನ್ನು ನೀರಿನ ಕೆಲಸಕ್ಕೆ ಬರುವ ತಾಮ್ರವನ್ನು ಮಿಲಿಮೀಟರಿನಲ್ಲೇ ಕರೆಯುತ್ತಾರೆ: 12, 15, 22. ಅದೂ ಹೊರಮೈ ಅಳತೆಯೇ.

ಈಗ 15 ಮಿ.ಮೀ. ಪೈಪನ್ನು ಐದೆಂಟು (5/8) ಇಂಚಿನ ಬೆಂಡರಿಗೆ ಹಾಕಿದಿರಿ ಅನ್ನೋಣ. ಐದೆಂಟು ಅಂದರೆ 15.88 ಮಿ.ಮೀ. ಸುಮಾರು ಒಂದು ಮಿ.ಮೀ. ಸಡಿಲ. ನೋಡಿದರೆ ಸರಿಯಾಗೇ ಕೂತಂತೆ ಕಾಣುತ್ತದೆ, ಬಗ್ಗಿಸಿದ ಮೇಲೆ ಮೊಟ್ಟೆಯಾಕಾರ. 12 ಮಿ.ಮೀ. ಪೈಪನ್ನು ಅರ್ಧ ಇಂಚಿನದಕ್ಕೆ ಹಾಕಿದರೂ ಅದೇ ಕಥೆ. ತಿರುಗಾಮುರುಗಾ ಮಾಡಿದರೆ ಪೈಪು ಗ್ರೂವಿಗೆ ಇಳಿಯುವುದೇ ಇಲ್ಲ, ಒತ್ತಿದರೆ ಎರಡೂ ಬದಿಗೆ ಗೀರು ಬೀಳುತ್ತದೆ. ಕೆಲವು ಅಳತೆ ಮಾತ್ರ ಒಂದಕ್ಕೊಂದು ಹತ್ತಿರ. 8 ಮಿ.ಮೀ.ಗೂ ಐದು ಹದಿನಾರಕ್ಕೂ (5/16), 16 ಮಿ.ಮೀ.ಗೂ ಐದೆಂಟಕ್ಕೂ ನಡೆಯುತ್ತದೆ. 22 ಮಿ.ಮೀ.ಗೆ ಏಳೆಂಟು (7/8) ಇಂಚಿನದು ಕಷ್ಟಪಟ್ಟು ನಡೆಯುತ್ತದೆ.

ಅಳೆಯುವುದು ಹೇಗೆ? ವರ್ನಿಯರ್ ಕ್ಯಾಲಿಪರ್ ಇದ್ದರೆ ಒಂದು ನಿಮಿಷದ ಕೆಲಸ. ಇಲ್ಲದಿದ್ದರೆ ದರ್ಜಿ ಮಾಡುವಂತೆ ಮಾಡಿ. ಹಳೆ ಪಂಚಾಂಗದ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ಪೈಪಿನ ಸುತ್ತ ಬಿಗಿಯಾಗಿ ಸುತ್ತಿ. ಒಂದರ ಮೇಲೊಂದು ಬರುವ ಕಡೆ ಪೆನ್ಸಿಲ್ ಗುರುತು ಹಾಕಿ, ಬಿಡಿಸಿ, ಸ್ಕೇಲಿನಲ್ಲಿ ಅಳೆಯಿರಿ. ಇಂಚಿನ ಪೈಪುಗಳಲ್ಲಿ ಒಂದು ಚಂದದ ಲೆಕ್ಕ ಬೀಳುತ್ತದೆ. ಕಾಲಿಂಚಿಗೆ ಸುತ್ತಳತೆ 20 ಮಿ.ಮೀ., ಮೂರೆಂಟಕ್ಕೆ (3/8) 30, ಅರ್ಧಕ್ಕೆ 40, ಐದೆಂಟಕ್ಕೆ 50, ಮುಕ್ಕಾಲಿಗೆ 60. ಕೂದಲೆಳೆಯಷ್ಟು ಕಡಿಮೆ ಇರುತ್ತದೆ, ಅಷ್ಟೇ. ಮಿಲಿಮೀಟರ್ ಪೈಪಿನಲ್ಲಿ ಹೀಗೆ ಗುಂಡು ಸಂಖ್ಯೆ ಬರುವುದಿಲ್ಲ: 12ಕ್ಕೆ ಸುಮಾರು 38, 15ಕ್ಕೆ 47, 22ಕ್ಕೆ 69. ಅಳತೆಯನ್ನು ಪಟ್ಟಿಯ ಮೇಲೇ ಬರೆದು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ.

ಎ.ಸಿ. ಆದರೆ ಎರಡು ಪೈಪು ಇರುತ್ತವೆ, ಎರಡನ್ನೂ ಅಳೆಯಬೇಕು. ಒಂದೂವರೆ ಟನ್ನಿನದರಲ್ಲಿ ಸಾಮಾನ್ಯವಾಗಿ ತೆಳು ಪೈಪು ಕಾಲಿಂಚು, ದಪ್ಪ ಪೈಪು ಅರ್ಧ ಇಂಚು. ಕೆಲವದರಲ್ಲಿ ದಪ್ಪದ್ದು ಐದೆಂಟು ಇರುತ್ತದೆ. ಎ.ಸಿ. ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಹಂತ 2: ಮೆತ್ತಗಿದೆಯೋ ಗಟ್ಟಿಯೋ, ಎಷ್ಟು ದಪ್ಪ

ಸುರುಳಿ ಸುತ್ತಿ ಬರುವ ತಾಮ್ರ ಮೆತ್ತಗಿನದು. ಎ.ಸಿ.ಗೆ ಬರುವ ಸುರುಳಿ ಹೆಚ್ಚಾಗಿ 15 ಮೀಟರಿನದು, ಅಂದರೆ ಸುಮಾರು 50 ಅಡಿ. ಇದನ್ನು ಹಾಗೇ ಬಗ್ಗಿಸಬಹುದು. ನೇರ ಕೋಲಿನಂತೆ ಬರುವ ತಾಮ್ರ ಗಟ್ಟಿ ಇಲ್ಲವೇ ಅರೆಗಟ್ಟಿ. ಅರೆಗಟ್ಟಿ 15 ಮಿ.ಮೀ. ಪೈಪು ಒಳ್ಳೆ ಬೆಂಡರಿನಲ್ಲಿ ಬಗ್ಗುತ್ತದೆ. ಪೂರ್ತಿ ಗಟ್ಟಿಯದು ಬಗ್ಗುವುದಿಲ್ಲ, ಸೀಳುತ್ತದೆ. ಅದಕ್ಕೆ ಒಂದೋ ಎಲ್ಬೋ (ಮೂಲೆಗೆ ಹಾಕುವ ಬಾಗಿದ ಜೋಡಣೆ) ಹಾಕಿ ಬೆಸುಗೆ ಹಾಕಬೇಕು, ಇಲ್ಲವೇ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಅದನ್ನು ಕೊನೆಗೆ ಹೇಳುತ್ತೇನೆ.

ದಪ್ಪದ ವಿಷಯದಲ್ಲಿ ಮೋಸ ಜಾಸ್ತಿ. ಪೈಪಿನ ಗೋಡೆ ತೆಳುವಾದರೆ ಎಂಥ ಬೆಂಡರಿನಲ್ಲೂ ಒಳಮಗ್ಗುಲು ನೆರಿಗೆ ಬೀಳುತ್ತದೆ. ತುದಿ ನೋಡಿ ಪತ್ತೆ ಮಾಡುವುದು ಕಷ್ಟ, ಏಕೆಂದರೆ ಕತ್ತರಿಸಿದಾಗ ಅಂಚು ಒಳಕ್ಕೆ ಮಡಚಿಕೊಂಡು ದಪ್ಪ ಕಾಣುತ್ತದೆ. ತೂಕ ಮಾತ್ರ ಸುಳ್ಳು ಹೇಳುವುದಿಲ್ಲ. ಅರ್ಧ ಇಂಚಿನ ಪೈಪು 0.8 ಮಿ.ಮೀ. ದಪ್ಪ ಇದ್ದರೆ ಮೀಟರಿಗೆ ಸುಮಾರು 268 ಗ್ರಾಂ ತೂಗುತ್ತದೆ. 15 ಮೀಟರ್ ಸುರುಳಿ ಹತ್ತಿರ ಹತ್ತಿರ 4 ಕೆ.ಜಿ. ಅದೇ 0.6 ಮಿ.ಮೀ. ಆದರೆ ಮೀಟರಿಗೆ 204 ಗ್ರಾಂ, ಸುರುಳಿ 3 ಕೆ.ಜಿ. ಮೇಲೆ ಚೂರು. ಪೂರ್ತಿ ಒಂದು ಕೆ.ಜಿ. ವ್ಯತ್ಯಾಸ! ಅಂಗಡಿಯ ತಕ್ಕಡಿಯಲ್ಲಿ ಇಡಿಸಿ ನೋಡಿ. ಸಂಕೋಚ ಬೇಡ.

ಇನ್ನೊಂದು ಪರೀಕ್ಷೆ. ತುದಿಯಲ್ಲಿ ಅರದಿಂದ ಒಂದು ಗೀರು ಹಾಕಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ಮೇಲೆ ಬಣ್ಣವೋ ತಾಮ್ರದ ಲೇಪವೋ ಇರುತ್ತದೆ. ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅದರಿಂದ ಕಬ್ಬಿಣ ಮಾತ್ರ ಗೊತ್ತಾಗುತ್ತದೆ. ಅಲ್ಯೂಮಿನಿಯಮ್ಮೂ ಅಂಟುವುದಿಲ್ಲ, ತಾಮ್ರವೂ ಅಂಟುವುದಿಲ್ಲ.

ಹಂತ 3: ಸಾಮಾನು ಆರಿಸಿ

ಹೊರಸ್ಪ್ರಿಂಗ್. ಪೈಪಿನ ಮೇಲೆ ತೊಡಿಸುವ ಉದ್ದನೆಯ ಸುರುಳಿ ಇದು. ಒಂದು ತುದಿ ಅರಳಿರುತ್ತದೆ, ಪೈಪು ಸುಲಭವಾಗಿ ಒಳಹೋಗಲಿ ಅಂತ. ಕಾಲಿಂಚಿನಿಂದ ಐದೆಂಟರವರೆಗೆ ಐದಾರು ಸ್ಪ್ರಿಂಗುಗಳ ಸೆಟ್ ಸಿಗುತ್ತದೆ. ಎಲ್ಲಕ್ಕಿಂತ ಅಗ್ಗ. ಮೆತ್ತಗಿನ ತಾಮ್ರಕ್ಕೆ, ದೊಡ್ಡ ದುಂಡಿನ ಬಾಗಿಗೆ ಇದು ಸಾಕು. ಬಿಗಿ ಮೂಲೆ ಬರುವುದಿಲ್ಲ. ಪೈಪಿನ ಅಡ್ಡಳತೆಯ ಐದಾರು ಪಟ್ಟು ರೇಡಿಯಸ್ ಇಟ್ಟುಕೊಳ್ಳಬೇಕು. ಅರ್ಧ ಇಂಚಿನ ಪೈಪಿಗೆ 65ರಿಂದ 75 ಮಿ.ಮೀ. ಅಂದುಕೊಳ್ಳಿ. ಪೈಪಿನ ನಟ್ಟನಡುವೆ ಬಗ್ಗಿಸಬೇಕಾದರೆ ಸ್ಪ್ರಿಂಗ್ ಅಲ್ಲಿವರೆಗೆ ಸರಿಯಬೇಕು, ಫ್ಲೇರ್ ಮಾಡಿದ ತುದಿಯ ಮೇಲೆ ಅದು ಹತ್ತುವುದಿಲ್ಲ. ಇದನ್ನು ನೆನಪಿಡಿ.

ಒಳಸ್ಪ್ರಿಂಗ್. ಇದು ಪೈಪಿನ ಒಳಗೆ ಹೋಗುತ್ತದೆ. 15 ಮತ್ತು 22 ಮಿ.ಮೀ. ನೀರಿನ ಪೈಪಿಗೆ ಬಳಸುತ್ತಾರೆ. ಎ.ಸಿ. ಪೈಪಿನೊಳಗೆ ಮಾತ್ರ ಇದನ್ನು ಹಾಕಬೇಡಿ. ಅದರ ಎಣ್ಣೆ, ಕೊಳೆ ಒಳಗುಳಿದು ಕಂಪ್ರೆಸರಿಗೆ ಹೋಗುತ್ತದೆ. ಅಂಗಡಿಯಲ್ಲಿ ಬರಿ 'ಬೆಂಡಿಂಗ್ ಸ್ಪ್ರಿಂಗ್ ಕೊಡಿ' ಅಂದರೆ ಕೆಲವು ಸಲ ವೈರಿಂಗ್‌ನವರು ಪಿ.ವಿ.ಸಿ. ಕಂಡ್ಯೂಟ್‌ಗೆ ಬಳಸುವ ಸ್ಪ್ರಿಂಗ್ ಕೈಗೆ ಬರುತ್ತದೆ. ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ, ಅಳತೆ ಬೇರೆ. ನಿಮ್ಮ ಪೈಪಿನ ತುಂಡಿಗೆ ಹಾಕಿ ನೋಡದೆ ತರಬೇಡಿ.

ಮೂರರ ಬೆಂಡರ್. ಒಂದೇ ಚಕ್ರದಲ್ಲಿ ಕಾಲಿಂಚು, ಐದು ಹದಿನಾರು, ಮೂರೆಂಟು ಹೀಗೆ ಮೂರು ಗ್ರೂವ್ ಇರುವ ಪುಟ್ಟ ಲಿವರ್ ಬೆಂಡರ್ ಇದು. ಹಗುರ, ಅಗ್ಗ, ಕೈಚೀಲದಲ್ಲಿ ಹಿಡಿಯುತ್ತದೆ. ಎಲ್ಲರೂ ಮೊದಲು ಕೊಳ್ಳುವುದೂ ಇದನ್ನೇ, ಕೊಂಡು ಪೇಚಾಡುವುದೂ ಇದರಿಂದಲೇ. ನಾನೂ ಕೊಂಡೆ. ಮನೆಗೆ ಬಂದು ನೋಡಿದರೆ ಎ.ಸಿ.ಯ ದಪ್ಪ ಪೈಪು ಅರ್ಧ ಇಂಚು, ಇದರ ಕೊನೆಯ ಗ್ರೂವ್ ಮೂರೆಂಟು. ಹಟಕ್ಕೆ ಬಿದ್ದು ಕೈಯಲ್ಲೇ ಬಗ್ಗಿಸಿದೆ, ಕಿಟಕಿಯ ಕೆಳಗೇ ನೆಗ್ಗಿತು. ಮೆಕ್ಯಾನಿಕ್ ಬಂದು ಆ ತುಂಡು ಕತ್ತರಿಸಿ ಹೊಸ ಜೋಡಣೆ ಬೆಸೆದ. ಬೆಂಡರಿನ ದುಡ್ಡು ಹೋಯಿತು, ಬೆಸುಗೆಯ ದುಡ್ಡೂ ಹೋಯಿತು. ತೆಳು ಪೈಪು ಮಾತ್ರ ಬಗ್ಗಿಸುವುದಿದ್ದರೆ ಇದು ಒಳ್ಳೆಯ ಸಾಮಾನೇ. ಅದರ ಮಿತಿ ಗೊತ್ತಿರಲಿ.

ಒಂದೇ ಅಳತೆಯ ಲಿವರ್ ಬೆಂಡರ್. ಎರಡು ಹಿಡಿಕೆ, ನಡುವೆ 0ಯಿಂದ 180 ಡಿಗ್ರಿವರೆಗೆ ಗುರುತಿರುವ ಚಕ್ರ, ಪೈಪು ಹಿಡಿಯಲು ಒಂದು ಕೊಕ್ಕೆ. ಚಕ್ರಕ್ಕೆ ಫಾರ್ಮರ್ ಅನ್ನುತ್ತಾರೆ. ಪೈಪನ್ನು ಅದರ ಸುತ್ತ ಒತ್ತಿಕೊಂಡು ಹೋಗುವ ತುಂಡಿಗೆ ಶೂ ಅಂತ ಹೆಸರು. ಅರ್ಧ ಇಂಚಿನ ಬೆಂಡರಿನಲ್ಲಿ ರೇಡಿಯಸ್ ಸಾಮಾನ್ಯವಾಗಿ 38 ಮಿ.ಮೀ., ಅಂದರೆ ಅಡ್ಡಳತೆಯ ಮೂರು ಪಟ್ಟು. ಸ್ಪ್ರಿಂಗಿನಲ್ಲಿ ಇಂಥ ಬಿಗಿ ಮೂಲೆ ಕನಸು. ಗೋಡೆಗೆ ಅಂಟಿಕೊಂಡಂತೆ ಪೈಪು ಕೂರಬೇಕು, ಎರಡು ಪೈಪಿನ ಬಾಗು ಒಂದಕ್ಕೊಂದು ಹೊಂದಬೇಕು ಅಂದರೆ ಇದನ್ನೇ ಕೊಳ್ಳಿ. ಅಳತೆಗೊಂದು ಬೆಂಡರ್ ಬೇಕಾಗುವುದು ಇದರ ತೊಂದರೆ.

ಬಿಲ್ಲಿನ ಬೆಂಡರ್, ಅಂದರೆ ರ‍್ಯಾಚೆಟ್ ಬೆಂಡರ್. ಬಿಲ್ಲು ಬಾಣದ ಹಾಗಿರುತ್ತದೆ. ಹಿಡಿಕೆ ಒತ್ತಿದಂತೆ ನಡುವಿನ ಫಾರ್ಮರ್ ಮುಂದೆ ಸರಿದು ಪೈಪನ್ನು ದೂಡುತ್ತದೆ. ಡಬ್ಬಿಯಲ್ಲಿ ಹಲವು ಅಳತೆಯ ಫಾರ್ಮರ್ ಬರುತ್ತವೆ. ಆಗಲೇ ಗೋಡೆಗೆ ಹಾಕಿದ ಉದ್ದ ಪೈಪನ್ನು ಮಧ್ಯದಲ್ಲಿ ಬಗ್ಗಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತೆಳು ಗೋಡೆಯ ಪೈಪಿಗೆ ಒಳಗಡೆ ನೆರಿಗೆ ಬೀಳಿಸುತ್ತದೆ, ಡಿಗ್ರಿಯೂ ಲಿವರಿನಷ್ಟು ನಿಖರವಲ್ಲ.

ಕೊಳ್ಳಬಾರದ್ದು ಹೈಡ್ರಾಲಿಕ್ ಬೆಂಡರ್. ಗ್ರಿಲ್, ಗೇಟ್ ಮಾಡುವ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಇರುತ್ತದೆ. "ತನ್ನಿ, ಎರಡು ನಿಮಿಷದಲ್ಲಿ ಬಗ್ಗಿಸಿ ಕೊಡುತ್ತೇನೆ" ಅನ್ನುತ್ತಾರೆ ಪಾಪ. ಅದು ಜಿ.ಐ. ಪೈಪಿನ ದಪ್ಪಕ್ಕೆ ಮಾಡಿದ್ದು. ಅದರ ಅರ್ಧ ಇಂಚಿನ ಗ್ರೂವಿನಲ್ಲಿ ನಿಮ್ಮ ತಾಮ್ರ ಹಪ್ಪಳವಾಗುತ್ತದೆ.

ಹಾಗಾದರೆ ನನ್ನ ಮಾತೇನು? ಒಂದೇ ಮನೆ, ಒಂದೇ ಎ.ಸಿ., ಎರಡು ಬಾಗು ಮಾತ್ರ ಇದ್ದರೆ ಹೊರಸ್ಪ್ರಿಂಗ್ ಸೆಟ್ ತನ್ನಿ, ಸಾಕು. ಮೇಲೆ ಕೆಳಗೆ ಎರಡು ಮೂರು ಎ.ಸಿ. ಇದ್ದರೆ ಅರ್ಧ ಇಂಚಿನ ಲಿವರ್ ಬೆಂಡರ್ ಒಂದು, ಕಾಲಿಂಚಿಗೆ ಮೂರರ ಬೆಂಡರ್ ಒಂದು. ಬಿಸಿನೀರಿಗೆ 15 ಮಿ.ಮೀ. ಪೈಪಾದರೆ 15 ಅಂತಲೇ ಬರೆದಿರುವ ಲಿವರ್ ಬೆಂಡರ್. ಅದು ಸಿಗದಿದ್ದರೆ ಐದೆಂಟರದ್ದಕ್ಕೆ ರಾಜಿಯಾಗಬೇಡಿ, 15ರ ಒಳಸ್ಪ್ರಿಂಗ್ ತನ್ನಿ. 22 ಮಿ.ಮೀ. ಆದರೆ ಬಗ್ಗಿಸುವ ಯೋಚನೆ ಬಿಟ್ಟು ಎಲ್ಬೋ ಹಾಕಿಸಿ. ಆ ಬೆಂಡರಿನ ಬೆಲೆಗೆ ಎಷ್ಟೋ ಎಲ್ಬೋ ಬರುತ್ತವೆ.

ಹಂತ 4: ಅಂಗಡಿಯಲ್ಲಿ ಏನು ನೋಡಬೇಕು

ಬಳ್ಳಾರಿಯ ಬೆಂಗಳೂರು ರಸ್ತೆಗೆ ಹೋಗಿ, ರಾಯಚೂರಿನ ತೀನ್ ಕಂದೀಲ್ ಕಡೆಗೆ ಹೋಗಿ, ಕೊಪ್ಪಳದ ಜವಾಹರ ರಸ್ತೆಗೆ ಹೋಗಿ, ಮಾತು ಒಂದೇ. ನೀರಿನ ಪೈಪು ಮಾರುವ ಅಂಗಡಿಯಲ್ಲಿ ಹುಡುಕಬೇಡಿ. ಫ್ರಿಜ್, ಎ.ಸಿ. ಬಿಡಿಭಾಗ ಮಾರುವವರನ್ನು ಕೇಳಿ. ಕಟ್ಟರ್, ಫ್ಲೇರಿಂಗ್ ಸೆಟ್, ಸ್ಪ್ರಿಂಗ್, ಬೆಂಡರ್ ಎಲ್ಲ ಒಂದೇ ಕಡೆ ಸಿಗುತ್ತವೆ.

ಅರ್ಧ ಅಡಿ ಪೈಪಿನ ತುಂಡು ಜೊತೆಗೆ ಒಯ್ಯಿರಿ. ಗ್ರೂವಿನಲ್ಲಿ ಇಟ್ಟು ಅಲ್ಲಾಡಿಸಿ, ಅಲ್ಲಾಡಬಾರದು. ಹಿಡಿಕೆ ಬಿಚ್ಚಿ ಮುಚ್ಚಿ ನೋಡಿ, ಪಿನ್ನಿನಲ್ಲಿ ಅಕ್ಕಪಕ್ಕ ಆಟ ಇದ್ದರೆ ಶೂ ಓರೆಯಾಗುತ್ತದೆ, ಪೈಪಿನ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ. ಗ್ರೂವಿನೊಳಗೆ ಬೆರಳಾಡಿಸಿ, ಎರಕದ ಮೊನೆ ಉಳಿದಿದ್ದರೆ ಬೇರೆಯದು ಕೇಳಿ. ಡಿಗ್ರಿ ಗುರುತು ಕೊರೆದದ್ದಿರಲಿ. ಬಣ್ಣದಲ್ಲಿ ಅಚ್ಚು ಹಾಕಿದ್ದು ಒಂದು ಬೇಸಿಗೆಯಲ್ಲಿ ಅಳಿಸುತ್ತದೆ.

ಜೊತೆಗೆ ಚಕ್ರದ ಕಟ್ಟರ್ ಮತ್ತು ರೀಮರ್ ತನ್ನಿ. ರೀಮರ್ ಅಂದರೆ ಕತ್ತರಿಸಿದ ತುದಿಯ ಒಳ ಅಂಚನ್ನು ಕೆರೆಯುವ ಸಾಮಾನು. ಹ್ಯಾಕ್ಸಾ ಬ್ಲೇಡಿನಿಂದ ಕುಯ್ದರೆ ತಾಮ್ರದ ಪುಡಿ ಒಳಗೆ ಬೀಳುತ್ತದೆ. ನೀರಿನ ಪೈಪಾದರೆ ತೊಳೆದು ಹೋಗುತ್ತದೆ, ಎ.ಸಿ.ಯಲ್ಲಿ ಹೋಗುವುದಿಲ್ಲ.

ಹಂತ 5: ಲಿವರ್ ಬೆಂಡರಿನಲ್ಲಿ ಬಗ್ಗಿಸುವುದು

ಮಧ್ಯಾಹ್ನ ಮಾಳಿಗೆಯ ಮೇಲೆ ಈ ಕೆಲಸ ಹಿಡಿಯಬೇಡಿ. ಮೇ ತಿಂಗಳಲ್ಲಿ ಬಿಸಿಲಿಗೆ ಬಿದ್ದ ತಾಮ್ರ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಮೊದಲು ಸುರುಳಿ ಬಿಚ್ಚಬೇಕು. ತುದಿಯನ್ನು ನೆಲಕ್ಕೆ ಕಾಲಿನಿಂದ ಮೆಲ್ಲಗೆ ಒತ್ತಿ ಹಿಡಿದು ಸುರುಳಿಯನ್ನು ಚಾಪೆ ಹಾಸಿದಂತೆ ಉರುಳಿಸುತ್ತಾ ಹೋಗಿ. ನಡುವಿನಿಂದ ತುದಿ ಹಿಡಿದು ಎಳೆದರೆ ಪೈಪು ಹಗ್ಗದಂತೆ ಹುರಿ ಬೀಳುತ್ತದೆ. ಎರಡೂ ಬಾಯಿಗೆ ಟೇಪ್ ಸುತ್ತಿರಿ. ನಮ್ಮ ಊರಿನ ಕೆಂಪು ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ, ಅಲ್ವಾ? ಫೋಮ್ ಹೊದಿಕೆ ಇದ್ದರೆ ಹಿಂದಕ್ಕೆ ಸರಿಸಿ. ಹೊದಿಕೆ ಸಮೇತ ಬಗ್ಗಿಸಲು ಆಗುವುದಿಲ್ಲ.

ಉದ್ದದ ಲೆಕ್ಕ ಹೀಗೆ. ಬಾಗು ಮೂಲೆಯನ್ನು ಅಡ್ಡದಾರಿಯಲ್ಲಿ ದಾಟುತ್ತದೆ, ಹಾಗಾಗಿ ಪೈಪು ಸ್ವಲ್ಪ ಉಳಿಯುತ್ತದೆ. 90 ಡಿಗ್ರಿಯ ಒಂದು ಬಾಗಿಗೆ ರೇಡಿಯಸ್ಸಿನ 0.43 ಪಾಲು ಕಡಿಮೆ ಸಾಕು. 38 ಮಿ.ಮೀ. ರೇಡಿಯಸ್ಸಿಗೆ ಅದು ಸುಮಾರು 16 ಮಿ.ಮೀ. ಉದಾಹರಣೆಗೆ ಮೂಲೆಯಿಂದ ಒಂದು ಕಡೆ 300, ಇನ್ನೊಂದು ಕಡೆ 400 ಮಿ.ಮೀ. ಬೇಕು. ಕೂಡಿಸಿದರೆ 700. ಅದರಲ್ಲಿ 16 ಕಳೆಯಿರಿ, 684. ಆದರೂ ಮೊದಲ ಸಲ ಒಂದು ಗೇಣು ಜಾಸ್ತಿಯೇ ಇಟ್ಟುಕೊಳ್ಳಿ. ಉಳಿದದ್ದನ್ನು ಆಮೇಲೆ ಕತ್ತರಿಸಬಹುದು.

ಈಗ ಬಗ್ಗಿಸುವುದು.

1. ಪೈಪಿನ ತುದಿಯಿಂದ ಬಾಗಿನ ಮೂಲೆಯವರೆಗೆ ಅಳೆದು ಮಾರ್ಕರಿನಿಂದ ಸುತ್ತಲೂ ಗೆರೆ ಎಳೆಯಿರಿ. ಮೊಳೆಯಿಂದ ಗೀಚಬೇಡಿ. ಬಗ್ಗಿಸುವಾಗ ಆ ಗೀರಿನಲ್ಲೇ ಬಿರುಕು ಬಿಡುತ್ತದೆ.

2. ಹಿಡಿಕೆಗಳನ್ನು ಪೂರ್ತಿ ತೆರೆದು ಪೈಪನ್ನು ಗ್ರೂವಿನಲ್ಲಿ ಇಡಿ, ಕೊಕ್ಕೆ ಹಾಕಿ.

3. ಶೂ ಮೇಲೆ ಎಲ್, ಆರ್ ಎಂಬ ಎರಡು ಗುರುತು ಇರುತ್ತವೆ. ನೀವು ಅಳೆದ ತುದಿ ಎಡಗಡೆ ಇದ್ದರೆ ನಿಮ್ಮ ಗೆರೆ ಎಲ್ ಗುರುತಿಗೆ ಬರಬೇಕು, ಬಲಗಡೆ ಇದ್ದರೆ ಆರ್ ಗುರುತಿಗೆ. ಇದು 90 ಡಿಗ್ರಿ ಬಾಗಿಗೆ. ಎಲ್ಲ ತಪ್ಪೂ ಆಗುವುದು ಇಲ್ಲೇ. ಅದಕ್ಕೇ ಮೊದಲು ಒಂದು ಕಸದ ತುಂಡಿನ ಮೇಲೆ ಮಾಡಿ, ಅಳತೆ ಎಲ್ಲಿಗೆ ಬಂತು ಅಂತ ಸ್ಕೇಲ್ ಹಿಡಿದು ನೋಡಿ.

4. ಶೂ ಕೆಳಗಿಳಿಸಿ, ಅದರ ಮೇಲಿನ ಸೊನ್ನೆ ಚಕ್ರದ ಸೊನ್ನೆಗೆ ಸೇರಲಿ. ಆಮೇಲೆ ಹಿಡಿಕೆಯನ್ನು ಒಂದೇ ಸಮನೆ ಎಳೆಯಿರಿ. ಎಳೆದು, ಬಿಟ್ಟು, ಮತ್ತೆ ಎಳೆದರೆ ಬಾಗು ಮೆಟ್ಟಿಲು ಮೆಟ್ಟಿಲಾಗುತ್ತದೆ.

5. 90 ಬೇಕಿದ್ದರೆ 92, 93ರವರೆಗೆ ಹೋಗಿ. ಬಿಟ್ಟ ಕೂಡಲೇ ತಾಮ್ರ ಚೂರು ಹಿಂದಕ್ಕೆ ಬರುತ್ತದೆ.

6. ಹಿಡಿಕೆ ತೆರೆದು, ಕೊಕ್ಕೆ ಬಿಚ್ಚಿ, ಪೈಪನ್ನು ನಿಧಾನವಾಗಿ ಹೊರತೆಗೆಯಿರಿ. ಸಿಕ್ಕಿಕೊಂಡರೆ ಸುತ್ತಿಗೆ ಬೇಡ, ಫಾರ್ಮರನ್ನು ಹಿಂದೆ ಮುಂದೆ ತುಸು ಆಡಿಸಿ.

ತೊಲೆ ಅಡ್ಡ ಬಂದರೆ ಪೈಪನ್ನು ಎರಡು 45 ಡಿಗ್ರಿ ಬಾಗಿನಲ್ಲಿ ದಾಟಿಸಬೇಕು. ಎರಡು ಗುರುತಿನ ನಡುವಿನ ದೂರ ಅಂದರೆ ದಾಟಬೇಕಾದ ಎತ್ತರ ಗುಣಿಸು 1.41. ಎತ್ತರ 100 ಮಿ.ಮೀ. ಆದರೆ ಗುರುತು 141 ಮಿ.ಮೀ. ದೂರಕ್ಕೆ. ಎರಡನೇ ಬಾಗು ಬಗ್ಗಿಸುವ ಮೊದಲು ಪೈಪನ್ನು ನೆಲದ ಮೇಲೆ ಮಲಗಿಸಿ ನೋಡಿ. ಎರಡೂ ಬಾಗು ಒಂದೇ ಸಮತಟ್ಟಿನಲ್ಲಿ ಇರಬೇಕು, ಇಲ್ಲದಿದ್ದರೆ ಪೈಪು ಗೋಡೆಯಿಂದ ಸೆಟೆದು ನಿಲ್ಲುತ್ತದೆ.

ಹಂತ 6: ಸ್ಪ್ರಿಂಗಿನಲ್ಲಿ ಬಗ್ಗಿಸುವುದು

ಸ್ಪ್ರಿಂಗಿನ ನಡುಭಾಗ ಬಾಗಿನ ನಡುವಿಗೆ ಬರಲಿ. ಮೊಣಕಾಲಿಗೆ ಟವೆಲ್ ಸುತ್ತಿಕೊಂಡು, ಪೈಪನ್ನು ಅದರ ಮೇಲಿಟ್ಟು, ಎರಡೂ ಕೈಯಿಂದ ಮೆಲ್ಲಗೆ ತನ್ನಿ. ಒಂದೇ ಜಾಗದಲ್ಲಿ ಒತ್ತಬೇಡಿ, ಪೈಪನ್ನು ಅತ್ತಿತ್ತ ಸರಿಸುತ್ತಾ ದುಂಡಗೆ ತನ್ನಿ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿಸಿ, ಆಮೇಲೆ ಅಷ್ಟನ್ನೇ ಹಿಂದಕ್ಕೆ ಬಿಡಿ. ಸ್ಪ್ರಿಂಗಿನ ಬಿಗಿ ಸಡಿಲವಾಗುತ್ತದೆ.

ಸ್ಪ್ರಿಂಗ್ ಹೊರಬರುತ್ತಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಎಳೆಯಬೇಡಿ, ತಿರುಗಿಸಿ. ಒಳಸ್ಪ್ರಿಂಗ್ ಆದರೆ ಸುತ್ತು ಬಿಗಿಯಾಗುವ ಕಡೆಗೆ ತಿರುಗಿಸಬೇಕು, ಆಗ ಅದು ಸಣ್ಣಗಾಗಿ ಪೈಪಿನಿಂದ ಬಿಡುತ್ತದೆ. ಹೊರಸ್ಪ್ರಿಂಗ್ ಆದರೆ ತದ್ವಿರುದ್ಧ. ಸುತ್ತು ಬಿಚ್ಚುವ ಕಡೆಗೆ ತಿರುಗಿಸಿದರೆ ಅಗಲವಾಗಿ ಜಾರುತ್ತದೆ. ಉದ್ದ ಪೈಪಿನ ಒಳಗೆ ಸ್ಪ್ರಿಂಗ್ ಹಾಕುವುದಿದ್ದರೆ ಅದರ ಬಾಲದ ಉಂಗುರಕ್ಕೆ ಗಟ್ಟಿ ತಂತಿ ಕಟ್ಟಿರಿ. ಒಳಗೇ ಉಳಿದರೆ ಪೈಪು ಕತ್ತರಿಸದೆ ದಾರಿಯಿಲ್ಲ.

ಹಂತ 7: ಗಟ್ಟಿ ಪೈಪಾದರೆ ಕಾಯಿಸುವುದು

ತಾಮ್ರದ ಹಂಡೆ ಬಡಿಯುವವರನ್ನು ನೋಡಿದ್ದೀರಾ? ಬಡಿದು ಬಡಿದು ಗಟ್ಟಿಯಾದ ತಾಮ್ರವನ್ನು ನಡುನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಳ್ಳುತ್ತಾರೆ. ಪೈಪಿಗೂ ಅದೇ. ಬಾಗಬೇಕಾದ ಜಾಗಕ್ಕೆ ಬ್ಲೋ ಟಾರ್ಚ್ ಆಡಿಸುತ್ತಾ ಮಂಕು ಕೆಂಪು ಬರುವವರೆಗೆ ಕಾಯಿಸಿ. ಬಿಸಿಲಲ್ಲಿ ಆ ಕೆಂಪು ಕಣ್ಣಿಗೆ ಕಾಣುವುದೇ ಇಲ್ಲ. ನೆರಳಲ್ಲೋ ಸಂಜೆಯೋ ಮಾಡಿ. ಕಾಣುತ್ತಿಲ್ಲ ಅಂತ ಕಾಯಿಸುತ್ತಲೇ ಹೋದರೆ ಪೈಪು ಕರಗಿ ತೂತಾಗುತ್ತದೆ. ಆಮೇಲೆ ನೀರಿಗೆ ಅದ್ದಿದರೂ ಸರಿ, ಹಾಗೇ ಆರಲು ಬಿಟ್ಟರೂ ಸರಿ. ಉಕ್ಕಿನಂತೆ ನೀರಿಗೆ ಅದ್ದಿದರೆ ತಾಮ್ರ ಗಟ್ಟಿಯಾಗುವುದಿಲ್ಲ. ಪೂರ್ತಿ ಆರಿದ ಮೇಲೆ ಸ್ಪ್ರಿಂಗ್ ಹಾಕಿ ಬಗ್ಗಿಸಿ.

ಕಾಯಿಸಿದಾಗ ಒಳಗಡೆ ಕಪ್ಪು ಹೊಪ್ಪಳಿಕೆ ಏಳುತ್ತದೆ. ನೀರಿನ ಪೈಪಾದರೆ ಚೆನ್ನಾಗಿ ನೀರು ಹಾಯಿಸಿ ತೊಳೆದರಾಯಿತು. ಎ.ಸಿ. ಪೈಪಿಗೆ ಈ ಉಪಾಯ ಬೇಡವೇ ಬೇಡ.

ಹಳಬರು ಪೈಪಿನಲ್ಲಿ ಮರಳು ತುಂಬಿ ಎರಡೂ ಬಾಯಿಗೆ ಬೆಣೆ ಹೊಡೆದು ಬಗ್ಗಿಸುತ್ತಿದ್ದರು. ಕೆಲಸ ಆಗುತ್ತದೆ. ಆದರೆ ಮರಳಿನಲ್ಲಿ ತೇವ ಇದ್ದು ಮೇಲಿನಿಂದ ಕಾಯಿಸಿದರೆ ಆವಿ ಕಟ್ಟಿ ಬೆಣೆ ಗುಂಡಿನಂತೆ ಹಾರುತ್ತದೆ. ಒಂದು ಸ್ಪ್ರಿಂಗ್ ಉಳಿಸಲು ಕಣ್ಣು ಕಳೆದುಕೊಳ್ಳುವುದೇ? ಎ.ಸಿ. ಪೈಪಿಗಂತೂ ಮರಳಿನ ಒಂದು ಕಾಳೂ ಹೋಗಬಾರದು.

ಹಂತ 8: ಬಾಗು ಪಾಸೋ ಫೇಲೋ

ಬಾಗಿನ ನಡುವೆ ಕ್ಯಾಲಿಪರ್ ಹಿಡಿದು ಅತಿ ಸಣ್ಣ ಅಳತೆ ನೋಡಿ. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಚಪ್ಪಟೆಯಾಗಿದ್ದರೆ ನಾನು ಅದನ್ನು ಬಳಸುವುದಿಲ್ಲ. ಅರ್ಧ ಇಂಚಿನ ಪೈಪಿಗೆ 11.4 ಮಿ.ಮೀ. ನನ್ನ ಗೆರೆ. ಒಳಮಗ್ಗುಲಲ್ಲಿ ಬೆರಳಿಗೆ ನೆರಿಗೆ ಸಿಕ್ಕಿದರೂ ಬೇಡ. ನೆಗ್ಗಿದ್ದರೆ ಕೇಳುವುದೇ ಬೇಡ, ಕತ್ತರಿಸಿ ಬಿಸಾಡಿ.

ಸುಮ್ನೆ ನೇರ ಮಾಡಿ ಮತ್ತೆ ಬಗ್ಗಿಸೋಣ ಅಂದುಕೊಳ್ಳಬೇಡಿ. ಒಮ್ಮೆ ಬಗ್ಗಿದ ತಾಮ್ರ ಆ ಜಾಗದಲ್ಲಿ ಗಟ್ಟಿಯಾಗಿರುತ್ತದೆ. ಎರಡನೇ ಸಲಕ್ಕೆ ಹೊರಮಗ್ಗುಲು ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣಗೆ. ಎ.ಸಿ. ಗ್ಯಾಸ್ ಅಲ್ಲಿಂದ ನಿಧಾನವಾಗಿ ಹೋಗುತ್ತಿರುತ್ತದೆ, ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುತ್ತಾ ಕೂರಬೇಕಾಗುತ್ತದೆ. ಎರಡು ಮೂರು ಡಿಗ್ರಿ ತಿದ್ದುವುದಾದರೆ ಅಡ್ಡಿಯಿಲ್ಲ.

ಬಿಸಿನೀರಿನವರಿಗೆ ಒಂದು ಮಾತು. ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪೊರೆಯನ್ನು ನೋಡಿದ್ದೀರಲ್ಲ, ಅದೇ ಪೊರೆ ಪೈಪಿನಲ್ಲೂ ಕಟ್ಟುತ್ತದೆ. ಚಪ್ಪಟೆಯಾದ ಬಾಗಿನಲ್ಲಿ ದಾರಿ ಮೊದಲೇ ಕಿರಿದು, ಬೇಗ ಮುಚ್ಚಿಕೊಳ್ಳುತ್ತದೆ. ತಾಮ್ರವನ್ನು ಜಿ.ಐ. ಪೈಪಿಗೆ ನೇರ ಜೋಡಿಸಬೇಡಿ, ನಡುವೆ ಹಿತ್ತಾಳೆಯ ಫಿಟ್ಟಿಂಗ್ ಹಾಕಿಸಿ. ನೀರು ತಾಮ್ರದಿಂದ ಜಿ.ಐ. ಕಡೆಗೆ ಹರಿಯುವಂತೆ ಇದ್ದರೆ ಜಿ.ಐ. ಬೇಗ ತುಕ್ಕು ಹಿಡಿಯುತ್ತದೆ. ನೀರು ಮೊದಲು ಜಿ.ಐ. ದಾಟಿ ಆಮೇಲೆ ತಾಮ್ರಕ್ಕೆ ಬರುವಂತೆ ಇರಲಿ.

ಎ.ಸಿ.ಯವರು ಎಲ್ಲ ಬಾಗು ಮುಗಿದ ಮೇಲೇ ಫ್ಲೇರ್ ಮಾಡಿ. ಬಾಗು ಮತ್ತು ತುದಿಯ ನಡುವೆ ಒಂದು ಅಂಗೈ ಅಗಲದಷ್ಟು ನೇರ ಪೈಪು ಉಳಿಸಿ, ಅರಳಿಸುವಾಗ ಪೈಪು ಹಿಡಿಯುವ ಫ್ಲೇರಿಂಗ್ ಕಟ್ಟೆ ಕೂರಲು ಅಷ್ಟು ಜಾಗ ಬೇಕು. ಅರಳಿಸುವ ಮೊದಲು ನಟ್ ತೊಡಿಸಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಇದನ್ನು ಮರೆಯದ ಮೆಕ್ಯಾನಿಕ್ಕನ್ನು ನಾನು ಇನ್ನೂ ಕಂಡಿಲ್ಲ. ಹೊದಿಕೆಯನ್ನು ವಾಪಸ್ ಸರಿಸಿ, ಬಿಸಿಲು ಬೀಳುವ ಕಡೆ ಅದರ ಮೇಲೆ ಟೇಪ್ ಸುತ್ತಿ. ಬರಿ ಫೋಮ್ ನಮ್ಮ ಬಿಸಿಲಿಗೆ ಪುಡಿಪುಡಿಯಾಗುತ್ತದೆ.

ಬೆಂಡರ್ ಎತ್ತಿಡುವ ಮೊದಲು ಗ್ರೂವನ್ನು ಒಣ ಬಟ್ಟೆಯಿಂದ ಒರೆಸಿ. ಅಲ್ಲಿ ಕೂತ ಒಂದು ಮರಳಿನ ಕಾಳು ಮುಂದಿನ ಪೈಪಿನ ಉದ್ದಕ್ಕೂ ಗೀರುತ್ತದೆ. ಪಿನ್ನಿಗೆ ಒಂದು ಹನಿ ಎಣ್ಣೆ ಬಿಡಿ. ಗ್ರೂವಿಗೆ ಎಣ್ಣೆ ಬೇಡ, ಧೂಳು ಅಂಟುತ್ತದೆ.